ಮೆತ್ತಗಿನ ಮಣ್ಣು

ಸೋಫಿಯಾ ನಗರ
9 ಮಾರ್ಚ್ 2024, ಶನಿವಾರ

ಪ್ರೀತಿಯ ಅಣ್ಣ ಲ್ಯೂಬೆನ್‌ಗೆ,

ಒಂದು ಮಾತನ್ನು ಹೇಳದೆಯೇ ಬಿಟ್ಟುಬಿಡುವವಳಿದ್ದೆ. ನಿನ್ನ ಕ್ಯಾಪ್ಟನ್ ನಕಲಿ. ಅಡುಗೆಮನೆಯಲ್ಲಿ ಟೀವಿಯ ಮೇಲ್ಗಡೆ ನೀನು ತೂಗುಹಾಕಿದ್ದ ಆ ಕಂಚಿನ ಮುಖವಾಡವನ್ನು ಯಾವ ರೋಮನ್ ಸವಾರನೂ ಧರಿಸಿರಲಿಲ್ಲ. ಅದಕ್ಕೆ ನನ್ನಷ್ಟು ವಯಸ್ಸೂ ಆಗಿಲ್ಲ.

ಕಾಗದದಲ್ಲಿ ಮುಖ್ಯವಾದದ್ದು ಮೊದಲ ಸಾಲಿನಲ್ಲೇ ಬರಬೇಕು ಎಂದು ಇಂಗ್ಲಿಷ್ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಅದನ್ನು ಮಾಡಿಯಾಯಿತು. ಇನ್ನು ಉಳಿದದ್ದನ್ನು ನಿಧಾನವಾಗಿ ಬರೆಯುತ್ತೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪೊಲೀಸರು ನಿನ್ನ ಪೆಟ್ಟಿಗೆಗಳನ್ನು ಹೊತ್ತೊಯ್ದ ದಿನದಿಂದ, ಅವರನ್ನು ಕಳಿಸಿದವಳು ನಾನೇ ಎಂದು ನಂಬಿದ್ದೀಯ. ನಾನಲ್ಲ. ಅಮ್ಮನ ಬಾಯಿಂದ ಹೇಳಿಸೋಣವೆಂದರೆ, ನಿನ್ನನ್ನು ಉಳಿಸಿಕೊಳ್ಳಲು ಅಮ್ಮ ಏನು ಬೇಕಾದರೂ ಹೇಳುತ್ತಾಳೆ ಎಂಬುದು ನಿನಗೆ ಗೊತ್ತು, ನಂಬುವುದಿಲ್ಲ. ನನ್ನ ಕೈಬರಹದಲ್ಲಿ ಬಂದರೆ ನಂಬುತ್ತೀಯ. "ಅವಳು ಚಾಡಿ ಹೇಳ್ತಾಳೆ, ಆದ್ರೆ ಸುಳ್ಳು ಹೇಳಲ್ಲ" ಎಂದು ನೀನು ನನ್ನ ಬಗ್ಗೆ ಅಂದೆಯಂತೆ. ಅಷ್ಟು ಸಾಕು.

ಬರುವ ಗುರುವಾರ, ಹದಿನಾಲ್ಕನೇ ತಾರೀಕು, ನಿನ್ನ ವಿಚಾರಣೆ. ಅದಕ್ಕೂ ಮೊದಲು ಇದು ನಿನ್ನ ಕೈಸೇರಬೇಕು. ಸೋಮವಾರ ಅಂಚೆಗೆ ಹಾಕಿದರೆ ತಡವಾದರೂ ಬುಧವಾರ ಊರಿಗೆ ಬರುತ್ತದೆ.

ನಿನ್ನೆ ಮಹಿಳಾ ದಿನವೆಂದು ಅಮ್ಮನಿಗೆ ಫೋನ್ ಮಾಡಿದ್ದೆ. ಹೂವು ತಲುಪಿತು ಅಂದಳು, ಆಮೇಲೆ ಅಳಲು ಶುರುಮಾಡಿದಳು. "ವಕೀಲೆ ಬಂದು ಬಿಡಿಸಿ ಬಿಡಿಸಿ ಹೇಳಿ ಹೋದ್ಲು ಕಣೇ. ನೀನು ಬಾಯ್ಮುಚ್ಕೊಂಡು ಕೂತ್ರೆ ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ ಅಂದ್ಲು. ಇವನು ಕೇಳ್ಬೇಕಲ್ಲ! ಎದ್ದು ನಿಂತು ಜಡ್ಜ್ ಮುಂದೆ ಎಲ್ಲಾ ಹೇಳ್ತಾನಂತೆ. ಕಲೆತೊ ದಿಬ್ಬದ ಯಾವ ಜಾಗದಲ್ಲಿ ತೆಗೆದೆ ಅಂತ ನಕ್ಷೆ ಬೇರೆ ಬರ್ಕೊಂಡು ಕೂತವ್ನೆ. ಜೈಲಿಗೆ ಹೋದ್ರೂ ಸರಿ, ನನ್ನ ಕ್ಯಾಪ್ಟನ್‌ನ ತಗಡು ಅನ್ನೋಕೆ ಬಿಡಲ್ಲ ಅಂತಾನೆ. ನೀನಾದ್ರೂ ಒಂದ್ಮಾತು ಹೇಳೇ, ಮಿಗ್ಲೆನಾ."

ಆದ್ದರಿಂದ ಹೇಳುತ್ತಿದ್ದೇನೆ. ನಿನ್ನ ಮಿಕ್ಕ ಬಕಲ್‌ಗಳು, ಬಾಣದ ಮೊನೆಗಳು, ಕುದುರೆಯ ಸಜ್ಜಿನ ಬಿಲ್ಲೆಗಳು ದಾಖಲೆಯಲ್ಲಿ ಅಜ್ಜನ ಆಸ್ತಿಯಾಗಿವೆ. ನಮ್ಮ ದೇಶದಲ್ಲಿ ಸತ್ತುಹೋದ ಅಜ್ಜಂದಿರೆಲ್ಲ ಸಂಗ್ರಾಹಕರೇ. ನಮ್ಮ ಅಜ್ಜ ಜೇನು ಸಾಕುತ್ತಿದ್ದ. ಮೇಕೆ ತಪ್ಪಿಸಿಕೊಂಡು ಕಲೆತೊದ ಆ ಹಳೆಯ ಕೋಟೆದಿಬ್ಬದ ಕಡೆ ಹೋದರೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮೇಕೆಯ ಆಸೆಯನ್ನೇ ಬಿಡುತ್ತಿದ್ದ. ಇರಲಿ, ಕಾನೂನು ಅಜ್ಜನನ್ನು ನಂಬಿದೆ. ಸಿಕ್ಕಿಬಿದ್ದಿರುವುದು ಮುಖವಾಡವೊಂದೇ. ಪರಿಶೀಲಿಸಿದ ತಜ್ಞರು ಹಳೆಯದೋ ಹೊಸದೋ ಹೇಳಲಾಗದು ಎಂದು ಬರೆದುಕೊಟ್ಟು ಕೈತೊಳೆದುಕೊಂಡಿದ್ದಾರೆ. ಸಂತೆಯಲ್ಲಿ ಅಲಂಕಾರಕ್ಕೆಂದು ಕೊಂಡದ್ದು ಎಂದು ವಕೀಲೆ ವಾದಿಸಿದರೆ ಮೊಕದ್ದಮೆ ಅಲ್ಲಿಗೆ ಮುಗಿಯುತ್ತದೆ. ಆದರೆ ಕಲೆತೊದಲ್ಲಿ ಅಗೆದೆ ಎಂದು ನೀನೇ ಎದ್ದು ನಿಂತು ಹೇಳಿದರೆ, ಸಿಕ್ಕಿದ್ದು ಹಳೆಯದೋ ಹೊಸದೋ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಸಂರಕ್ಷಿತ ನೆಲವನ್ನು ಅಗೆದದ್ದೇ ಅಪರಾಧ. ಹಿಂದಿನ ಸಲದ ಶಿಕ್ಷೆಯನ್ನು ನ್ಯಾಯಾಲಯ ಅಮಾನತಿನಲ್ಲಿಟ್ಟಿದೆಯಷ್ಟೆ. ಈ ಸಲ ಎರಡನ್ನೂ ಸೇರಿಸಿ ಒಳಗೆ ಕಳಿಸುತ್ತಾರೆ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ನೀನೇ ಹೇಳಿದೆ, ಅಣ್ಣ. ಮೂರು ವರ್ಷದ ಹಿಂದಿನ ಈಸ್ಟರ್ ನೆನಪಿದೆಯೇ? ಮೊಟ್ಟೆ ಕುಟ್ಟುವ ಆಟದಲ್ಲಿ ಎಲ್ಲರ ಮೊಟ್ಟೆಗಳನ್ನೂ ಒಡೆದು ಗೆದ್ದವನು ನೀನೇ. ಎರಡು ಲೋಟ ರಕಿಯಾ ಆದ ಮೇಲೆ ಒಳಗೆ ಹೋಗಿ ಮುಖವಾಡ ಹಾಕಿಕೊಂಡು ಬಂದೆ. "ಥೂ, ತೆಗಿಯೋ ಅದನ್ನ! ಸತ್ತೋರ ಮುಖ ಹಾಕ್ಕೊಂಡು ಊಟಕ್ಕೆ ಬರ್ತಾರಾ?" ಎಂದು ಅಮ್ಮ ಚಮಚ ಎಸೆದಳು. ಅದು ಕಂಚಿಗೆ ಬಡಿದು ಟಣ್ ಎಂದಿತು, ಎಲ್ಲರೂ ನಕ್ಕೆವು. ಆಮೇಲೆ ಅದು ಸಿಕ್ಕ ಕಥೆ ಹೇಳಿದೆ. ನಿನ್ನ ಗೆಳೆಯ ಗೆಂಚೋ ನಿನ್ನನ್ನು ಕಲೆತೊಗೆ ಕರೆದುಕೊಂಡು ಹೋದನಂತೆ. ಲೋಹ ಹುಡುಕುವ ಅವನ ಡಿಟೆಕ್ಟರ್ ಒಂದು ಕಡೆ ಕೂಗಿತಂತೆ. ಅಗೆಯುವ ಗೌರವವನ್ನು ಅವನು ನಿನಗೇ ಬಿಟ್ಟುಕೊಟ್ಟನಂತೆ. "ಏನ್ ಹೇಳ್ಲಿ, ಮಣ್ಣು ಬೆಣ್ಣೆ ಥರ ಬಿಟ್ಕೊಟ್ತು. ಎರಡೇ ಏಟು. ಕ್ಯಾಪ್ಟನ್ ನನಗೇ ಅಂತ ಕಾಯ್ತಾ ಮಲಗಿದ್ದ!"

ಸಾವಿರಾರು ವರ್ಷ ಒತ್ತಿಕೊಂಡು ಕೂತ ಮಣ್ಣು ಬೆಣ್ಣೆಯ ಹಾಗೆ ಬಿಟ್ಟುಕೊಡುವುದಿಲ್ಲ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಮಾತ್ರ ಹಾಗೆ ಮೆತ್ತಗಿರುತ್ತದೆ. ನಮ್ಮ ಉತ್ಖನನಕ್ಕೆ ಬರುವ ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರ ಕಲಿಸುವ ಪಾಠ ಇದು. ನೀನು ಅರ್ಧ ಆಯುಷ್ಯ ಗುಂಡಿ ತೋಡಿದೆ, ಆದರೆ ಮಣ್ಣನ್ನು ಒಮ್ಮೆಯೂ ನೋಡಲಿಲ್ಲ. ಗೆಂಚೋ ನೋಡಿದ್ದ. ಅಂಗಡಿಯಲ್ಲಿಟ್ಟು ಮಾರಿದರೆ ನೂರು ಪ್ರಶ್ನೆ ಕೇಳುವ ಮನುಷ್ಯ, ತನ್ನ ಕೈಯಿಂದಲೇ ಎತ್ತಿದ್ದನ್ನು ಪ್ರಶ್ನೆಯಿಲ್ಲದೆ ನಂಬುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ನೀನು ಅವನಿಗೆ ಅವನ ಅರ್ಧ ಪಾಲಿನ ಹಣ ಕೊಟ್ಟೆ. ಅದಕ್ಕೆ ಹೊಳೆದಂಡೆಯ ಅಪ್ಪನ ದ್ರಾಕ್ಷಿತೋಟ ಹೋಯಿತು. ಗೆಂಚೋ ಈಗ ಸ್ಪೇನಿನಲ್ಲಿದ್ದಾನೆ, ಆರಾಮಾಗಿದ್ದಾನಂತೆ.

ಆ ದಿನ ನೀನು ಕುರಿಮಾಂಸ ಕೊಯ್ಯುತ್ತಿದ್ದಾಗ ನಾನು ಮುಖವಾಡವನ್ನು ತಿರುಗಿಸಿ ಒಳಬದಿ ನೋಡಿದೆ. ನಕಲು ಮಾಡುವವರು ಮ್ಯೂಸಿಯಂಗಳ ಫೋಟೋ ನೋಡಿ ಮಾಡುತ್ತಾರೆ. ಫೋಟೋದಲ್ಲಿ ಮುಂಭಾಗವಷ್ಟೇ ಇರುತ್ತದೆ, ಒಳಗನ್ನು ಊಹಿಸಬೇಕು. ನಿಜವಾದ ಮುಖವಾಡದೊಳಗೆ ಹಣೆಯ ಹತ್ತಿರ, ದವಡೆಯ ಹತ್ತಿರ ಲೋಹ ಸವೆದಿರುತ್ತದೆ. ಒಬ್ಬ ಮನುಷ್ಯ ಅದರೊಳಗೆ ಬೆವರಿರುತ್ತಾನೆ. ನಿನ್ನ ಕ್ಯಾಪ್ಟನ್‌ನ ಒಳಗೆ ಯಾರೂ ಉಸಿರಾಡಿರಲಿಲ್ಲ. ಹೊಸ ಬಾಣಲೆಯ ತಳದ ಹಾಗಿತ್ತು.

"ಹೇಳು ಬ್ರಶ್ಶಮ್ಮ, ಹೆಂಗಿದೆ?" ಎಂದು ನೀನು ಕೇಳಿದೆ. ಹುಡುಗಿಯನ್ನು ಕೇಳಲು ಹೋದ ಗಂಡಿನ ಹಾಗೆ ನಿಂತಿದ್ದೆ. ಇಂಥದ್ದನ್ನು ಎಲ್ಲೂ ನೋಡಿಲ್ಲ ಎಂದೆ ನಾನು. ಅದು ನಿಜವೇ. ಅದನ್ನು ನೀನು ಊರಿಗೆಲ್ಲ ಸಾರಿದೆ. ಗುರುವಾರ ಜಡ್ಜ್ ಮುಂದೆಯೂ ಅದನ್ನೇ ಹೇಳುವವನಿದ್ದೀಯಂತೆ: ನನ್ನ ತಂಗಿ ಪುರಾತತ್ವದವಳು, ಅವಳೇ ಒಪ್ಪಿದ್ದಾಳೆ ಎಂದು.

ಹಾಗೆ ಮಾಡಬೇಡ. ಗುರುವಾರ ಬೆಳಿಗ್ಗೆ ಆ ನೀಲಿ ಕೋಟು ಹಾಕಿಕೊಂಡು ಹೋಗು, ವಕೀಲೆಯ ಪಕ್ಕದಲ್ಲಿ ಕೂತುಕೋ. ಅವಳು ಸಂತೆಯ ತಗಡು ಎಂದಾಗ ಮೇಜಿನ ಕಡೆ ನೋಡು. ಜಡ್ಜ್ ಏನಾದರೂ ಹೇಳಲಿಕ್ಕಿದೆಯೇ ಎಂದು ಕೇಳಿದರೆ, ಇಲ್ಲ ಎನ್ನು. ಒಂದೇ ಶಬ್ದ. ಸಂಜೆಯೊಳಗೆ ಮನೆಗೆ ಬಂದಿರುತ್ತೀಯ, ಅಮ್ಮ ಬಾನಿತ್ಸ ಮಾಡಿರುತ್ತಾಳೆ. ನಕಲಿ ವಸ್ತು ಸರ್ಕಾರಕ್ಕೆ ಬೇಡ, ಮುಖವಾಡವನ್ನೂ ವಾಪಸು ಕೊಡುತ್ತಾರೆ. ಮತ್ತೆ ಟೀವಿಯ ಮೇಲೆ ತೂಗುಹಾಕಿಕೊಳ್ಳಬಹುದು.

ಇಷ್ಟು ಬರೆದು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ನಾನು ಇದನ್ನು ನಿನ್ನ ಮೇಲಿನ ಪ್ರೀತಿಯಿಂದ ಬರೆಯುತ್ತಿದ್ದೇನೆಯೇ, ಓದುವಾಗ ನಿನ್ನ ಮುಖ ಇಳಿಯುವುದನ್ನು ಊಹಿಸಿಕೊಳ್ಳುವ ಸುಖಕ್ಕೆ ಬರೆಯುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಪ್ರೀತಿ ಇಲ್ಲ ಎನ್ನಲಾರೆ. ಹಿಟ್ಟಿಗೂ ಸರದಿಯಲ್ಲಿ ನಿಲ್ಲುತ್ತಿದ್ದ ಆ ವರ್ಷಗಳಲ್ಲಿ ನೀನು ಕಲೆತೊದಲ್ಲಿ ಹೆಕ್ಕಿದ ನಾಣ್ಯಗಳನ್ನು ಮಾರಿ ನನ್ನನ್ನು ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸಿದೆ. ಪ್ರತಿ ಹಬ್ಬದಲ್ಲೂ ಅದನ್ನು ಹೇಳುತ್ತೀಯ: "ಇವಳ ಇಂಗ್ಲಿಷ್ ಎಲ್ಲಾ ಆ ಹೊಲದಿಂದ್ಲೇ ಬಂದಿದ್ದು, ಈಗ ನನ್ನೇ ಕಳ್ಳ ಅಂತಾಳೆ." ನಿಜ. ನಮ್ಮ ಉಗ್ರಾಣದ ಸೂರು ಸೋರುತ್ತದೆ ಎಂದೂ, ನಮ್ಮ ವರದಿಗಳನ್ನು ಇಲಿಗಳಷ್ಟೇ ಓದುತ್ತವೆ ಎಂದೂ ಹಂಗಿಸುತ್ತೀಯ. ಅದೂ ನಿಜ. ಊರಿನ ಶಾಲೆಯ ಮಕ್ಕಳು ನಿನ್ನ ಕಪಾಟಿನ ಮುಂದೆ ನಿಂತು ಕತ್ತಿಯ ಹಿಡಿಯನ್ನು ಮುಟ್ಟಿ ನೋಡಿದ್ದಾರೆ. ನನ್ನ ಪೆಟ್ಟಿಗೆಗಳನ್ನು ಯಾವ ಮಗುವೂ ಮುಟ್ಟಿಲ್ಲ. ಇದನ್ನೆಲ್ಲ ತೂಗಿ ನೋಡಿದಾಗ, ಈ ಕಾಗದ ಸೋಮವಾರವೇ ಹೊರಡಬೇಕು ಅನ್ನಿಸುತ್ತದೆ.

ಆದರೆ ಕಾಫಿ ಲೋಟ ಇಡಲು ಮೇಜಿನ ಮೇಲೆ ಜಾಗ ಮಾಡುವಾಗ ಜಾಡಿಯನ್ನು ಸರಿಸಬೇಕಾಯಿತು. ನೀನು ಕೊಟ್ಟ ಜಾಡಿ.

ಒಂದು ವರ್ಷ ನಮ್ಮ ಉತ್ಖನನದ ಕೊನೆಯ ದಿನ ಕೋಟೆಯಾಚೆಯ ದಾರಿಯಲ್ಲಿ ನನಗೊಂದು ಸಮಾಧಿ ಸಿಕ್ಕಿತ್ತು. ಮೂಳೆ ಹೆಚ್ಚೇನೂ ಉಳಿದಿರಲಿಲ್ಲ. ಚರ್ಮದ ಜೋಡು ಕರಗಿಹೋಗಿ, ಅಟ್ಟೆಗೆ ಹೊಡೆದಿದ್ದ ಕಬ್ಬಿಣದ ಮೊಳೆಗಳು ಮಾತ್ರ ಮಣ್ಣಿನಲ್ಲಿ ಎರಡು ಹೆಜ್ಜೆಗಳ ಆಕಾರದಲ್ಲಿ ಹಾಗೇ ನಿಂತಿದ್ದವು. ಎಡಗಾಲಿನ ಹೊರ ಅಂಚಿನ ಮೊಳೆಗಳು ಸವೆದು ಚಪ್ಪಟೆಯಾಗಿದ್ದವು. ಅಲ್ಲೇ ಬೇರೆ ಜಾತಿಯ ಮೊಳೆಗಳನ್ನು ಹಾಕಿ ರಿಪೇರಿ ಮಾಡಿದ್ದರು. ಆ ಸಿಪಾಯಿ ಎಡಗಾಲನ್ನು ಎಳೆದು ಹಾಕುತ್ತಿದ್ದ. ಹೆಸರಿಲ್ಲದ, ಮುಖವಿಲ್ಲದ ಒಬ್ಬ ಮನುಷ್ಯನ ನಡಿಗೆ ನನ್ನ ಕಣ್ಣ ಮುಂದಿತ್ತು. ಇಡೀ ಮಣ್ಣಿನ ತುಂಡನ್ನೇ ಗಾರೆ ಕಟ್ಟಿ ಎತ್ತಬೇಕು, ಅದಕ್ಕೆ ವಸಂತ ಬರಲಿ ಎಂದು ಬಟ್ಟೆ ಹಾಸಿ ಮುಚ್ಚಿಬಂದೆ. ಅಂದು ಊಟದ ಹೊತ್ತಿನಲ್ಲಿ ಅಮ್ಮನಿಗೆ ಹೇಳಿದೆ. ಅಷ್ಟು ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ನೀನು ಸೂಪಿಗೆ ಬ್ರೆಡ್ ಅದ್ದುತ್ತ ಕೂತಿದ್ದೆ.

ನನ್ನ ಹುಟ್ಟುಹಬ್ಬಕ್ಕೆ ಆ ಮೊಳೆಗಳು ಬಂದವು. ಲ್ಯುತೆನಿತ್ಸ ಚಟ್ನಿ ತುಂಬಿಡುವ ಜಾಡಿಯಲ್ಲಿ, ವಿನೆಗರ್‌ನಲ್ಲಿ ತೊಳೆದು, ಉಜ್ಜಿ, ಮುಚ್ಚಳಕ್ಕೆ ಕೆಂಪು ರಿಬ್ಬನ್ ಕಟ್ಟಿ. ನನ್ನ ಸಹೋದ್ಯೋಗಿಗಳೆಲ್ಲರ ಮುಂದೆ ನನ್ನ ಕೈಗಿಟ್ಟೆ. "ತಗೋ ಬ್ರಶ್ಶಮ್ಮ! ಚಳಿಗಾಲ ಪೂರ್ತಿ ಕೊಳೀಲಿ ಅಂತ ಬಿಟ್ಟು ಬಂದಿದ್ಯಲ್ಲ, ಒಂದೂ ಬಿಡದೆ ಆರಿಸ್ಕೊಂಡು ಬಂದಿದೀನಿ." ಎಡಗಾಲಿನವು ಯಾವುವು, ಬಲಗಾಲಿನವು ಯಾವುವು ಎಂದು ಕೇಳಿದೆ. ನೀನು ನಕ್ಕುಬಿಟ್ಟೆ. "ಮೊಳೆಗೆಂಥ ಎಡ, ಎಂಥ ಬಲ? ವಸ್ತು ವಸ್ತುನೇ ಕಣೇ. ಎಲ್ಲಿತ್ತು, ಯಾವಾಗಿತ್ತು ಅಂತ ಕೇಳೋದು ಪೊಲೀಸರು!" ಎಲ್ಲರೂ ನಕ್ಕರು. ನಾನು ಥ್ಯಾಂಕ್ಸ್ ಹೇಳಿದೆ.

ನಿನ್ನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಅದನ್ನು ಬಲ್ಲೆ, ಅದೇ ಸಹಿಸಲಾಗದ್ದು. ಬಿಡುವಿದ್ದಾಗ ಹಳೆಯ ಪತ್ರಿಕೆ ಹಾಸಿ ಆ ಮೊಳೆಗಳನ್ನು ಪಾದದ ಆಕಾರಕ್ಕೆ ಜೋಡಿಸಿ ನೋಡುತ್ತೇನೆ. ಪ್ರತಿ ಸಲವೂ ಬೇರೆ ಯಾರೋ ನಡೆಯುತ್ತಾರೆ. ಕೆಲವೊಮ್ಮೆ ಅವನು ಕುಂಟುವುದೇ ಇಲ್ಲ. ಇವತ್ತೂ ಜೋಡಿಸಿದೆ, ಈ ಕಾಗದದ ಪಕ್ಕದಲ್ಲೇ. ಅವನ ನಡಿಗೆ ಬರಲಿಲ್ಲ.

ಅಮ್ಮನ ಚಿಂತೆ ನಿನಗೆ ಬೇಡ. ಅವಳು ಕಳಿಸಿದ ಮಾರ್ಚ್ ತಿಂಗಳ ಕೆಂಪು ಬಿಳಿ ದಾರ ನನ್ನ ಮಣಿಕಟ್ಟಿನಲ್ಲಿದೆ. ನಿನಗೂ ಕಟ್ಟಿದ್ದಾಳೆ ಎಂದಳು. ಮೊದಲ ಕೊಕ್ಕರೆ ಕಂಡಾಗ ಬಿಚ್ಚಿ ಮರಕ್ಕೆ ಕಟ್ಟುವುದನ್ನು ಮರೆಯಬೇಡ, ಅಲ್ಲಿಂದ ಕಾಣುವುದಾದರೆ.

ನಿನ್ನ ಪ್ರೀತಿಯ ತಂಗಿ,
ಮಿಗ್ಲೆನಾ

ತಾ.ಕ.: ಕಾಗದವನ್ನು ಮೊದಲಿಂದ ಓದಿ ನೋಡಿದೆ. ಒಂದಕ್ಷರವನ್ನೂ ಬದಲಿಸಿಲ್ಲ, ಬುಧವಾರ ಬರುತ್ತದೆ ಎಂಬ ಸಾಲನ್ನೂ ಹೊಡೆದುಹಾಕಿಲ್ಲ. ಇದರಲ್ಲಿರುವುದೆಲ್ಲ ಯಾವ ದಿನ ಓದಿದರೂ ನಿಜವೇ. ವಸ್ತು ವಸ್ತುವೇ, ಎಲ್ಲಿತ್ತು, ಯಾವಾಗಿತ್ತು ಎಂದು ಕೇಳುವವನು ನೀನಲ್ಲ. ಅಮ್ಮನಿಗಾಗಿ ನನ್ನ ಮನೆಯ ಹಿಂದಿನ ಕೋಣೆಯನ್ನು ಖಾಲಿ ಮಾಡಿಸುತ್ತಿದ್ದೇನೆ. ಇದನ್ನು ಅಂಚೆಗೆ ಹಾಕುವುದು ಮಾರ್ಚ್ ಹದಿನೈದು, ಶುಕ್ರವಾರ.