ಹಬ್ಬದ ಕಪ್ಪೆಚಿಪ್ಪು

ಡಿಸೆಂಬರ್ 22, ಕಂಬಾದೋಸ್, ಸ್ಪೇನ್

ಸಿಟ್ಟು ಇನ್ನೂ ಇಳಿದಿಲ್ಲ. ಮೊಣಕಾಲುದ್ದ ತಣ್ಣೀರಲ್ಲಿ ಬಗ್ಗಿ ಕಪ್ಪೆಚಿಪ್ಪು ಕೆದಕಿದವಳು ನಾನು. ಕ್ರಿಸ್‌ಮಸ್ ಊಟಕ್ಕೆ ಒಂದು ಕಿಲೋ ಇಟ್ಟುಕೊಳ್ಳುತ್ತೇನೆ ಅಂದರೆ ಹರಾಜುಕಟ್ಟೆಯ ಶುಸ್ತೊ, "ಎಲ್ಲಾ ಹರಾಜಿಗೇ ಹೋಗ್ಬೇಕು ಮಾರಾಯ್ತಿ. ಬೇಕಿದ್ರೆ ನೀನೂ ಕೂಗು" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾಡ್ರಿಡ್ಡಿನ ವ್ಯಾಪಾರಿ ಎರಡು ಪಟ್ಟು ಬೆಲೆಗೆ ಎತ್ತಿಕೊಂಡ.

ಮನೆಯಲ್ಲಿ ಅತ್ತೆಯದು ಬೇರೆ ರಾಗ. "ಅದಕ್ಕೇ ನಾನು ಅಗ್ಗ ಇದ್ದಾಗ, ನವೆಂಬರಲ್ಲೇ ಸೀಗಡಿ ತಂದು ಫ್ರೀಜರಿಗೆ ಹಾಕಿದ್ದು. ಚಿಪ್ಪು ಜನವರೀಲಿ ತಿನ್ನು, ಆಗ ಕೇಳೋರೇ ಇರಲ್ಲ." ಆ ಸೀಗಡಿ ಬಂದದ್ದು ಈಕ್ವೆಡಾರ್‌ನಿಂದ. ಕಡಲು ಇರುವುದು ನಮ್ಮ ಬಾಗಿಲಲ್ಲಿ.

ಜನವರಿಯಲ್ಲಿ ಬೆಲೆ ಇಳಿಯುತ್ತದೆ, ಸರಿ. ನೀರೇನು ಬೆಚ್ಚಗಾಗುತ್ತದೆಯೇ?

ನಾಳೆ ಬೂಟಿನೊಳಗೆ ಎರಡು ಹಿಡಿ ಚಿಪ್ಪು ತುಂಬಿಕೊಂಡು ಬರುತ್ತೇನೆ. ಯಾಕೆ ಕುಂಟುತ್ತೀ ಅಂತ ಶುಸ್ತೊ ಕೇಳಲಿ. ಇಷ್ಟು ವರ್ಷ ಈ ನೀರಲ್ಲಿ ನಿಂತವಳು ಕುಂಟದೆ ಇರುತ್ತಾಳೆಯೇ ಅನ್ನುತ್ತೇನೆ.