ಹೊಸ್ತಿಲ ಕಲ್ಲಿನ ಕೆಳಗಿಟ್ಟ ಕಾಗದ

ಹೊಸ್ತಿಲು ವರ್ಷ ನೂರಾ ಏಳು, ಎರಡನೇ ವೈಶಾಖದ ನಲವತ್ತೊಂದನೇ ದಿನ

ಹುಲಿಗೆವ್ವ ಮುತ್ತಜ್ಜೀ,

ಈ ತಾರೀಖು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿಲ್ಲ, ಹುಡುಕಬೇಡ. ನಮ್ಮಲ್ಲಿ ಬಿಸಿಲು ಇಳಿಯುವ ತನಕ ವೈಶಾಖ ಮುಗಿಯುವುದಿಲ್ಲ. ಕೆಲವು ವರ್ಷ ಅದಕ್ಕೆ ಎಪ್ಪತ್ತು ದಿನವೂ ಆಗುತ್ತದೆ. ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನಿನ್ನಿಂದಲೇ ನನಗೆ ಬಂದದ್ದು. ಇವತ್ತು ಅದರಲ್ಲಿ ಅರ್ಧ ನಿನ್ನ ಮೇಲೆಯೇ ಇದೆ. ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತು. ಯಾರಿಂದಲಾದರೂ ಓದಿಸಿಕೋ. ನಿನ್ನ ಗುತ್ತಿಗೆದಾರ ವಿರೂಪಣ್ಣನ ಗುಮಾಸ್ತನಿಂದ ಮಾತ್ರ ಬೇಡ. ಅವನು ನಿನಗೆ ಕಾಗದ ಓದಿ ಹೇಳಿದ್ದರ ಫಲ ಈಗಾಗಲೇ ಉಣ್ಣುತ್ತಿದ್ದೀಯ.

ನಾನು ನಿನ್ನ ಮರಿಮಗಳು ದುರುಗವ್ವ. ಕಟ್ಟೆಯವಳು. ಅಂದರೆ ಕೆಲಸ ಹಿಡಿದ ಲೈಸೆನ್ಸುದಾರನಿಗೂ ಅವನ ಕೆಳಗೆ ತುಂಡುಗುತ್ತಿಗೆ ಮಾಡಿದವರಿಗೂ ಜಗಳ ಬಂದರೆ ಬಗೆಹರಿಸುವವಳು. ಇದಕ್ಕಾಗಿ ನಾವು ಯಾವ ಆಫೀಸಿನ ಮೆಟ್ಟಿಲೂ ಹತ್ತುವುದಿಲ್ಲ. ಪಾಯ ತೆಗೆಯುವ ದಿನವೇ ಕಟ್ಟಡದ ಮುಂದೆ ಒಂದು ಕಟ್ಟೆ ಕಟ್ಟಬೇಕು, ಅದು ನಿಯಮ. ತಕರಾರು ಬಂದ ದಿನ ನಾನು ಗೋಡೆ ಮುಟ್ಟುತ್ತಾ ಕಟ್ಟಡವನ್ನೆಲ್ಲ ಸುತ್ತುತ್ತೇನೆ. ಇದು ಯಾರ ಕೈಕೆಲಸ ಎಂದು ಕೇಳುತ್ತೇನೆ. ಮಾಡಿದವರು ಬಂದು ಅದರ ಪಕ್ಕ ನಿಲ್ಲುತ್ತಾರೆ. ವಕೀಲರಿಗೆ ಪ್ರವೇಶವಿಲ್ಲ. ಹೊತ್ತು ಮುಳುಗುವುದರೊಳಗೆ ತೀರ್ಪು. ಎಲ್ಲರ ಕೂಲಿ ಚುಕ್ತಾ ಆಗುವ ತನಕ ಕಟ್ಟಡಕ್ಕೆ ಹೊಸ್ತಿಲು ಕೂರಿಸುವಂತಿಲ್ಲ. ಹೊಸ್ತಿಲ ಕಲ್ಲು ಕೆಲಸಗಾರರ ವಶದಲ್ಲಿರುತ್ತದೆ. ಹೊಸ್ತಿಲಿಲ್ಲದ ಬಾಗಿಲನ್ನು ನಮ್ಮ ಕಡೆ ಯಾರೂ ದಾಟುವುದಿಲ್ಲ, ನಿನ್ನ ಕಾಲದಲ್ಲೂ ದಾಟುತ್ತಿರಲಿಲ್ಲ. ನಮ್ಮ ವರ್ಷಗಳ ಎಣಿಕೆ ಶುರುವಾಗುವುದೂ ಒಂದು ಹೊಸ್ತಿಲಿನಿಂದಲೇ. ಅದು ನಿನ್ನದು. ನಿನ್ನ ಲೆಕ್ಕದಲ್ಲಿ ಅದು ನಾಳೆ.

ಹೌದು, ನಾಳೆ ನಡೆಯುವುದನ್ನು ಇವತ್ತೇ ಹೇಳುತ್ತೇನೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನೀನು ಮತ್ತು ನಿನ್ನ ಜೊತೆಯ ಆರು ಜನ ನೆಲಗಲ್ಲು ಹಾಸಿದ್ದೀರಿ. ಮೊಣಕಾಲ ಚಿಪ್ಪು ಸವೆಸಿಕೊಂಡು ಮೂರು ಮಹಡಿ ಹಾಸಿದ್ದೀರಿ. ಬಿಲ್ ಪಾಸಾಗಬೇಕಾದರೆ ಬಾಕಿ ಇಲ್ಲ ಅನ್ನುವ ಕಾಗದ ಮೊದಲು ಬೇಕು ಎಂದು ವಿರೂಪಣ್ಣ ಹೇಳಿದ. ನೀನು ಹೆಬ್ಬೆಟ್ಟು ಒತ್ತಿದೆ. ಕೂಲಿ ಕೈಗೆ ಬರುವ ಮೊದಲೇ ಕೂಲಿ ಬಂತು ಎಂದು ಒತ್ತಿಕೊಟ್ಟೆ. ನಿಮ್ಮ ಕಸುಬಿನವರೆಲ್ಲ ಹಾಗೆಯೇ ಮಾಡುತ್ತಿದ್ದಿರಿ, ಮಾಡದಿದ್ದರೆ ಮುಂದಿನ ಕೆಲಸ ಸಿಗುತ್ತಿರಲಿಲ್ಲ. ಆಮೇಲೆ ಅದೇ ಕಾಗದವನ್ನು ಲೇಬರ್ ಆಫೀಸಿನಲ್ಲಿ ನಿನ್ನ ಮೂಗಿನ ಮುಂದೆ ಹಿಡಿದರು. ಎಂಟು ತಿಂಗಳು ಅಲೆದೆ. ಪ್ರತಿ ಸಲವೂ ಒಂದೇ ಉತ್ತರ, ಮೇಲಿಂದ ದುಡ್ಡು ಬಂದಿಲ್ಲ.

ನಾಳೆ ಕಟ್ಟಡದ ಉದ್ಘಾಟನೆ. ಮುಂಬಾಗಿಲ ಹೊಸ್ತಿಲ ಕಲ್ಲಿನ ಅಂಚು ಮುರಿದಿತ್ತು, ಚಾಣ ಹಿಡಿದು ಸರಿಮಾಡಲು ನೀನು ಅದನ್ನು ಮನೆಗೆ ತಂದಿದ್ದೀಯ. ಅದನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗುತ್ತೀಯ. ಬಾಗಿಲ ಮುಂದೆ ಇಳಿಸಿ, ಕೂರಿಸದೆ, ಅದರ ಮೇಲೆ ನೀನೇ ಕುಳಿತುಬಿಡುತ್ತೀಯ. ಪೊಲೀಸರು ಬರುತ್ತಾರೆ. ಶಾಸಕರ ಕಾರು ಹೊರಗೆ ನಿಲ್ಲುತ್ತದೆ. ನಿನ್ನನ್ನು ಎತ್ತಿಹಾಕಿ ಎಂದು ವಿರೂಪಣ್ಣ ಕೂಗಾಡುತ್ತಾನೆ. ಮಗ ಕಟ್ಟಿದ ಕಟ್ಟಡ ನೋಡಲು ಬಂದ ಅವನ ತಾಯಿ ಕೋಲೂರಿಕೊಂಡು ಮುಂದೆ ಬಂದು ಹೇಳುತ್ತಾಳೆ:

“ಹೊಸ್ತಿಲ ಇಲ್ಲದ ಬಾಗಿಲದಾಗ ಹೆಣ ಹೊಕ್ಕೀತು, ನಾ ಹೊಗಾಂಗಿಲ್ಲ. ಆಕಿ ರೊಕ್ಕ ಆಕಿಗೆ ಕೊಡು, ಆಮ್ಯಾಲ ಕಲ್ಲ ಹಾಕಿಸು.”

ಅರ್ಧ ಗಂಟೆಯಲ್ಲಿ ದುಡ್ಡು ಬರುತ್ತದೆ. ಮೇಲಿಂದ ಎಂಟು ತಿಂಗಳು ಬಾರದ ದುಡ್ಡು, ಜೀಪಿನ ಸೀಟಿನ ಕೆಳಗಿಂದ.

ಈ ಕಥೆಯನ್ನು ನಮಗೆ ಹಾಲಿನ ಜೊತೆ ಕುಡಿಸಿದ್ದಾರೆ. ನಿನ್ನನ್ನು ನೋಡಿ ಬಾರ್ ಬೆಂಡಿಂಗಿನವರು ಕಲಿತರು, ಸೆಂಟ್ರಿಂಗಿನವರು ಕಲಿತರು. ಊರೂರಲ್ಲಿ ಹೊಸ್ತಿಲ ಕಲ್ಲುಗಳು ಕೆಲಸಗಾರರ ಮನೆ ಸೇರಿದವು. ಲಾಠಿ ತಿಂದರು, ಜೈಲಿಗೆ ಹೋದರು. ಮೂವತ್ತು ವರ್ಷ ಹೊಡೆದಾಡಿದ ಮೇಲೆ ಅದು ಕಾನೂನಾಯಿತು. ಶಾಲೆಯಲ್ಲಿ ನಿನ್ನ ಚಿತ್ರ ಇದೆ, ಕಲ್ಲಿನ ಮೇಲೆ ಕುಳಿತ ಚಿತ್ರ. ನಮ್ಮ ಮನೆಯಲ್ಲಂತೂ ದಿನಾ ಹೂವಿನ ಹಾರ. ಆ ಹಾರ ಹಾಕುವವನು ನನ್ನ ಅಣ್ಣ ಹನುಮೇಶ.

ಈಗ ಅವನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಲೈಸೆನ್ಸು ಬಂದದ್ದು ಅವನಿಗೆ. ಅವತ್ತು ನಾವು ಇಡೀ ಓಣಿಗೆ ಹೋಳಿಗೆ ಹಾಕಿದೆವು. ಮೂರನೇ ವರ್ಷಕ್ಕೆ ಅವನಿಗೆ ಒಂದು ಶಾಲೆಯ ಕೆಲಸ ಸಿಕ್ಕಿತು. ನಮ್ಮಲ್ಲಿ ಕಟ್ಟಡಗಳ ಮೇಲೆ ನೆರಳುಚಾವಣಿ ಹಾಕುತ್ತೇವೆ, ಸೂರಿನ ಮೇಲೆ ಆಳೆತ್ತರಕ್ಕೆ ಇನ್ನೊಂದು ಸೂರು. ಅದಿಲ್ಲದಿದ್ದರೆ ಒಳಗಿರುವ ಮಕ್ಕಳು ಬೆಂದುಹೋಗುತ್ತವೆ. ಹಾಕುವವರು ಕೋಳಿ ಕೂಗುವಾಗ ಹತ್ತಿ ಒಂಬತ್ತಕ್ಕೆ ಇಳಿಯಬೇಕು, ಮೈಮೇಲೆ ತಂಪಂಗಿ ಇರಬೇಕು. ತಂಪಂಗಿ ಅಂದರೆ ಮಡಿಕೆಗಳಲ್ಲಿ ತಣ್ಣೀರು ಹರಿಯುವ ಅಂಗಿ, ತಿಂಗಳಿಗೊಮ್ಮೆ ದುಡ್ಡು ಕೊಟ್ಟು ತುಂಬಿಸಬೇಕು. ಖಾಸಿಂಬಿ ಅನ್ನುವವಳು ಹದಿನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಈ ಕೆಲಸ ಹಿಡಿದಳು. ಹನುಮೇಶ ಐದು ತಿಂಗಳು ಕೂಲಿ ಕೊಡಲಿಲ್ಲ. ಅಂಗಿ ತುಂಬಿಸಲು ದುಡ್ಡಿಲ್ಲದೆ ಖಾಲಿ ಅಂಗಿಯಲ್ಲೇ ಮೇಲೆ ಹತ್ತಿದ ಗಂಗವ್ವ ಎಂಬವಳಿಗೆ ಬಿಸಿಲು ಬಡಿಯಿತು. ಅವಳು ಬದುಕಿದ್ದಾಳೆ. ಮಾತು ಹೋಗಿದೆ. ಹೆತ್ತ ಮಗಳ ಹೆಸರು ಕರೆಯಲೂ ಬಾಯಿ ತಿರುಗುವುದಿಲ್ಲ.

ಕಾನೂನು ಇರಲಿಲ್ಲವೇ ಎಂದು ಕೇಳುತ್ತೀಯ. ಇತ್ತು. ಆದರೆ ಅದನ್ನು ತಿನ್ನುವ ಹುಳು ನಮ್ಮ ಮನೆಯಲ್ಲೇ ಹುಟ್ಟಿತು, ಮುತ್ತಜ್ಜಿ. ಬಾಕಿ ಇಲ್ಲ ಅನ್ನುವ ಕಾಗದ ಈಗ ಅಪರಾಧ. ಲೈಸೆನ್ಸುದಾರರ ಸಂಘ ಅದಕ್ಕೆ ನಂಬಿಕೆ ಪತ್ರ ಎಂದು ಹೊಸ ಹೆಸರಿಟ್ಟಿತು. ಒಕ್ಕಣೆ ಅದೇ, ಹೆಬ್ಬೆಟ್ಟಿನ ಜಾಗವೂ ಅದೇ. ಇನ್ನು ಹೊಸ್ತಿಲು. ಚೌಕಟ್ಟಿಗೆ ಹೊಸ್ತಿಲನ್ನು ಮೊದಲೇ ಅಚ್ಚು ಹೊಯ್ದ ಬಾಗಿಲುಗಳು ಕಾರ್ಖಾನೆಯಿಂದ ಬರತೊಡಗಿದವು. ಕೆಲಸಗಾರರ ವಶದಲ್ಲಿಡಲು ಕಲ್ಲೇ ಇಲ್ಲ! ನನ್ನ ಅಣ್ಣ ಶಾಲೆಗೆ ಹಾಕಿಸಿದ್ದು ಅಂಥ ಬಾಗಿಲು. ಹಾಕಿಸಿ, ಮನೆಗೆ ಬಂದು, ಕೈಕಾಲು ತೊಳೆದು, ನಿನ್ನ ಚಿತ್ರಕ್ಕೆ ಹಾರ ಹಾಕಿದ.

ತಕರಾರು ನನ್ನ ಕಟ್ಟೆಗೇ ಬಂತು. ಅಣ್ಣನ ವ್ಯಾಜ್ಯಕ್ಕೆ ತಂಗಿ ಕೂರುವುದು ಸರಿಯಲ್ಲ ಎಂದು ನಾನೇ ಏಳಲು ಹೋದೆ. ಖಾಸಿಂಬಿ ನನ್ನ ಸೆರಗು ಹಿಡಿದು ಕೂರಿಸಿದಳು. ನಿಮ್ಮಣ್ಣನ ಸುಳ್ಳು ನಿನ್ನಷ್ಟು ಬೇಗ ಇನ್ಯಾರಿಗೆ ತಿಳಿಯುತ್ತದೆ ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ಹನುಮೇಶನೂ ನಕ್ಕ. ಅವನ ಸರದಿ ಬಂದಾಗ ಅವನು ಹೇಳಿದ್ದು ಇಷ್ಟು:

“ಆಕಿ ಹೆಬ್ಬಟ್ಟ ಒತ್ಯಾಳ, ತಂಗಿ. ನಾ ಏನ್ ಕೈ ಹಿಡದು ಒತ್ತಿಸೀನೇನು? ಮ್ಯಾಲಿಂದ ರೊಕ್ಕ ಬಂದಿಲ್ಲ, ಬಂದ ಕೂಡ್ಲೆ ಕೊಡ್ತೀನಿ.”

ಮೇಲಿಂದ ಬಂದಿಲ್ಲ! ನೂರು ವರ್ಷದಲ್ಲಿ ನದಿಗಳು ಸತ್ತವು, ಎಷ್ಟೋ ಹಕ್ಕಿಗಳ ಹೆಸರು ಸತ್ತವು, ಈ ಒಂದು ಮಾತಿಗೆ ಮಾತ್ರ ಸಾವು ಬರಲಿಲ್ಲ. ಇವರ ಈ ಮೇಲು ಎಲ್ಲಿದೆ? ಕಲ್ಲು ಹೊತ್ತವರ ಬೆನ್ನಿನ ಮೇಲಲ್ಲದೆ ಇನ್ನೆಲ್ಲಿದೆ? ಮೇಲಿನವನು ಕೊಡಲಿಲ್ಲವೆಂದು ಇವನ ಮನೆಯಲ್ಲಿ ಒಂದು ಹೊತ್ತಾದರೂ ಒಲೆ ಹತ್ತದೆ ಇತ್ತೇ? ನಾನು ಅದೇ ಮನೆಯಲ್ಲಿ ಉಂಡವಳು, ನನಗೆ ಗೊತ್ತು.

ತೀರ್ಪು ಹೇಳಿದೆ. ಬರೀ ಹೇಳಲಿಲ್ಲ. ಹಾರೆ ತರಿಸಿ ಆ ಅಚ್ಚಿನ ಹೊಸ್ತಿಲನ್ನು ನನ್ನ ಕೈಯಾರೆ ಮೀಟಿ ಕಿತ್ತೆ. ಹಳೇ ಕ್ರಮದಂತೆ ಅಲ್ಲಿಗೆ ಕೂರಿಸಬೇಕಾದ ಕಲ್ಲು ತರಿಸಿ ಖಾಸಿಂಬಿಗೆ ಒಪ್ಪಿಸಿದೆ. ಬಾಗಿಲ ಮುಂದೆ ಇಟ್ಟು ಅವಳು ಅದರ ಮೇಲೆ ಕುಳಿತಳು. ಇವತ್ತಿಗೆ ಹನ್ನೊಂದು ದಿನ.

ಮೊನ್ನೆ ಹನುಮೇಶ ಸೋತು ಬಂದ. ಖಾಸಿಂಬಿಯ ಮತ್ತು ಅವಳ ಹದಿನಾಲ್ಕು ಹೆಂಗಸರ ಕೂಲಿ ಪೂರ್ತಿ ತಂದಿದ್ದ. ಗಂಗವ್ವನ ಔಷಧಿಯ ಖರ್ಚೂ ಇತ್ತು. ಖಾಸಿಂಬಿ ತೆಗೆದುಕೊಂಡಳು, ಹೆಂಗಸರಿಗೆ ಅಲ್ಲೇ ಹಂಚಿದಳು. ಕಲ್ಲಿನಿಂದ ಮಾತ್ರ ಏಳಲಿಲ್ಲ. ಗಾರೆಯವರದು ಎಲ್ಲಿ, ವೈರಿಂಗಿನವರದು ಎಲ್ಲಿ ಎಂದು ಕೇಳಿದಳು. ಅವರು ದೂರು ಕೊಟ್ಟಿರಲಿಲ್ಲ. ಮುಂದಿನ ಕೆಲಸ ತಪ್ಪೀತೆಂಬ ಭಯಕ್ಕೆ ಆಚೆ ನಿಂತು ನೋಡುತ್ತಿದ್ದರು. ನನಗೂ ಸುಸ್ತಾಗಿತ್ತು, ಮುತ್ತಜ್ಜಿ. ನಿನ್ನದು ಬಂತಲ್ಲ, ಏಳವ್ವ ಎಂದೆ. ನಮ್ಮ ಹುಲಿಗೆವ್ವ ಮಾಡಿದಂತೆ ಮಾಡು, ಕಲ್ಲು ಕೂರಿಸಿ ತಲೆ ಎತ್ತಿ ನಡಿ ಎಂದೆ. ಅವಳು ಕುಳಿತಲ್ಲಿಂದಲೇ ಹೇಳಿದಳು:

“ನಿಮ್ಮ ಹುಲಿಗೆವ್ವ ಕಲ್ಲ ಕುಂದ್ರಿಸಿ ಹೋದ್ಲು, ಖರೆ. ಅವತ್ತ ಅಲ್ಲೇ ಬೇವಿನ ಗಿಡದ ಕೆಳಗ ನಮ್ಮ ಮುತ್ತಜ್ಜ ರಾಜೇಸಾಬ ಬಣ್ಣದ ಡಬ್ಬಿ ಹಿಡಕೊಂಡು ನಿಂತಿದ್ದ. ಮೂರು ಮಾಳಿಗಿ ಬಣ್ಣ ಹಚ್ಚಿದ್ದ. ಕಲ್ಲ ಕುಂತ ಮ್ಯಾಲ ಎಲ್ಲಾರೂ ಒಳಗ ಹೋದ್ರು. ಅವ ನಿಂತೇ ಇದ್ದ.”

ಅವನಿಗೆ ಕೂಲಿ ಸಿಗಲೇ ಇಲ್ಲ. ಬಣ್ಣದ ಅಂಗಡಿಯ ಸಾಲಕ್ಕೆ ಮನೆ ಹೋಯಿತು. ಅವರ ಮನೆತನ ಊರು ಬಿಟ್ಟಿತು. ನಮ್ಮ ಶಾಲೆಯ ಚಿತ್ರದಲ್ಲಿ ನಿನ್ನ ಹಿಂದೆ ಒಂದು ಬೇವಿನ ಗಿಡ ಇದೆ, ಗಿಡದ ಕೆಳಗೆ ಯಾರೂ ಇಲ್ಲ. ಚಿತ್ರ ಬರೆಸಿದವರು ನಮ್ಮವರೇ ತಾನೇ?

ಇದಕ್ಕೆ ನನ್ನ ಸಿಟ್ಟು. ವಿರೂಪಣ್ಣನ ಮೇಲೆ ಸಿಟ್ಟು ಮಾಡುವುದು ಸುಲಭ, ಅದನ್ನು ಜೀವನವಿಡೀ ಮಾಡಿದ್ದೇನೆ. ಹನುಮೇಶನಂಥವನು ನಮ್ಮಲ್ಲಿ ಎಲ್ಲಿಂದ ಬಂದ ಎಂದು ಹನ್ನೊಂದು ದಿನ ಯೋಚಿಸಿದೆ. ತನ್ನದು ಬಂದ ಕೂಡಲೇ ಎದ್ದು ಹೋದ ಗಳಿಗೆಯೊಂದಿದೆಯಲ್ಲ, ಅವನು ಬಂದದ್ದು ಅಲ್ಲಿಂದ. ನಿನಗೆ ಹಸಿವಿತ್ತು, ಆರು ಜನ ನಿನ್ನ ಮುಖ ನೋಡುತ್ತಿದ್ದರು, ಎಲ್ಲ ಬಲ್ಲೆ. ಆದರೂ ಕೇಳುತ್ತೇನೆ. ಬೇರೆ ಯಾರನ್ನು ಕೇಳಲಿ?

ನಾಳೆ ಬೆಳಗ್ಗೆ ನಮ್ಮಲ್ಲಿ ಮೇಲುಕಟ್ಟೆಯವರು, ಅಂದರೆ ಕಟ್ಟೆಯವರ ತಪ್ಪು ವಿಚಾರಿಸುವವರು, ಸೇರುತ್ತಾರೆ. ಹೊಸ್ತಿಲು ಕಿತ್ತ ತಪ್ಪಿಗೆ ನನ್ನನ್ನು ಕೆಳಗಿಳಿಸಬಹುದು. ಇಳಿಸಲಿ. ಖಾಸಿಂಬಿ ಏಳುವುದಿಲ್ಲ, ಇನ್ನು ಮೇಲೆ ನಾನೂ ಅವಳ ಪಕ್ಕದಲ್ಲಿ. ನಿನ್ನ ಹಾಸ್ಟೆಲ್ಲು ಇನ್ನೂ ನಿಂತಿದೆ. ನೀನು ಕೂರಿಸಿದ ಕಲ್ಲಿನ ಎಡ ಅಂಚಿನಡಿ ಒಂದು ಸಂದಿದೆ, ಈ ಕಾಗದವನ್ನು ಅಲ್ಲಿ ತೂರಿಸುತ್ತೇನೆ. ಇವತ್ತು ನಿನ್ನ ಮನೆಯಲ್ಲೂ ನನ್ನ ಕೈಗೆಟುಕುವಲ್ಲೂ ಇರುವ ವಸ್ತು ಅದೊಂದೇ.

ನಾಳೆ ವಿರೂಪಣ್ಣ ನಿನ್ನ ಕೈಗೆ ದುಡ್ಡಿಡುತ್ತಾನೆ. ತಗೋ. ಎಣಿಸು. ಸೆರಗಿಗೆ ಗಂಟು ಹಾಕು. ಕಲ್ಲಿನಿಂದ ಮಾತ್ರ ಏಳಬೇಡ. ಹಿಂದೆ ತಿರುಗಿ ನೋಡು, ಬೇವಿನ ಗಿಡದ ಕೆಳಗೆ ಡಬ್ಬಿ ಹಿಡಿದು ಒಬ್ಬ ನಿಂತಿರುತ್ತಾನೆ. ನಾಚಿಕೆಯ ಮನುಷ್ಯ, ತಾನಾಗಿ ಬಾಯಿ ಬಿಡುವುದಿಲ್ಲ. ನೀನೇ ಹೆಸರು ಹಿಡಿದು ಕರಿ. ಸ್ವಲ್ಪ ಸರಿದು ಜಾಗ ಕೊಡು. ಆ ಕಲ್ಲಿನ ಮೇಲೆ ಇಬ್ಬರು ಕೂರಬಹುದು, ನಾನು ಅಳೆದು ನೋಡಿದ್ದೇನೆ.

ನಿನ್ನ ಮರಿಮಗಳು,
ದುರುಗವ್ವ