ಕಾಲ್ಡರ್ ವಕೀಲ ಓದಿ ಹೇಳದ ಕಾಗದ

ಮೌಂಟನ್ ವ್ಯೂ
೧೪ ಮೇ ೨೦೨೫

ಪ್ರೀತಿಯ ತಂಗಿ ಕಮಲವ್ವ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಟ್ಟಿರುತ್ತೀ, ನನಗೆ ಗೊತ್ತು. ನಾನಂತೂ ಮಗಳ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ವಸುಧಾ ಸಕ್ಕರೆ ಡಬ್ಬಿ ಬಚ್ಚಿಡುತ್ತಾಳೆ, ನಾನು ಹುಡುಕುತ್ತೇನೆ.

ಮೊಮ್ಮಗಳು ವಿಭಾಳ ಶಾಲೆಯಲ್ಲಿ ಒಂದು ಪದ್ಧತಿ. ಮಕ್ಕಳು ಹಳೆಯ ಕಾಲದವರ ವೇಷ ಹಾಕಿ ಗೊಂಬೆಯಂತೆ ನಿಲ್ಲಬೇಕು. ನೋಡಲು ಬಂದವರು ಎದುರಿನ ಕಾಗದದ ಗುಂಡಿ ಒತ್ತಿದರೆ ತಮ್ಮ ಕಥೆ ಹೇಳಬೇಕು. ನಾನು ಲೈಬ್ರರಿಯಲ್ಲಿ ಹುಡುಕಿ ಹೈರಮ್ ಕಾಲ್ಡರ್ ಎಂಬ ವಕೀಲನನ್ನು ಹಿಡಿದುಕೊಟ್ಟೆ. ನೂರೈವತ್ತು ವರ್ಷದ ಹಿಂದಿನವನು, ಬಡಗಿಯ ಮಗ. ಹಿರಿಯ ವಕೀಲರೊಬ್ಬರ ಕಚೇರಿ ಗುಡಿಸುತ್ತಲೇ ಕಾಯಿದೆ ಕಲಿತು, ಎರಡು ಸಲ ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿನ ಸಂಸತ್ತಿಗೆ, ಆರಿಸಿ ಹೋದ. ಹಾವೇರಿಯಲ್ಲಿ ಸೀನಿಯರ್ ವಕೀಲರ ಫೈಲು ಹೊತ್ತು ಮೇಲೆ ಬಂದ ನನಗೆ ಮನುಷ್ಯ ಬಹಳ ಹಿಡಿಸಿದ. ನೀನು ನಗುತ್ತಿದ್ದರೂ ಪೆಟ್ಟಿಗೆಗೆ ತುಂಬಿಕೊಂಡು ಬಂದ ನನ್ನ ಕರಿ ಕೋಟನ್ನೇ ತೋಳು ಮಡಚಿ ಅವಳಿಗೆ ತೊಡಿಸಿದೆ.

ಅವನ ಮೊದಲ ದೊಡ್ಡ ಗೆಲುವೂ ಪುಸ್ತಕದಲ್ಲಿತ್ತು. ಸ್ಪ್ಯಾನಿಷ್ ಮಾತ್ರ ಬಲ್ಲ ವಿಧವೆಯೊಬ್ಬಳಿಂದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿ, ಅವಳ ಜಮೀನನ್ನು ತನ್ನ ಕಕ್ಷಿದಾರನಿಗೆ ಕೊಡಿಸಿದ್ದ. ಜಾಣ ವಕೀಲ ಎಂದು ನಾನು ಹೊಗಳುತ್ತಿದ್ದಾಗ ವಿಭಾ ಕೇಳಿದಳು: "ಅಜ್ಜಾ, ಸೈನ್ ಮಾಡೋ ಮುಂಚೆ ಅವಳಿಗೆ ಓದಿ ಹೇಳಿದ್ನಾ?" ಸಹಿ ಮಾಡುವವರೇ ಓದಿಕೊಳ್ಳಬೇಕು, ಅದು ಕಾನೂನು ಎಂದೆ. "ಬಟ್ ಅವಳಿಗೆ ಇಂಗ್ಲಿಷ್ ಬರಲ್ವಲ್ಲ" ಎಂದಳು. ನಲವತ್ತು ವರ್ಷ ವಾದ ಮಾಡಿದವನಿಗೆ ನಾಚಿಕೆಯಾಯಿತು.

ನಿನ್ನೆ ಶಾಲೆಯಲ್ಲಿ ಗುಂಡಿಯನ್ನು ನಾನೇ ಒತ್ತಿದೆ. ಬಡಗಿಯ ಮಗ, ವಕೀಲ, ಎರಡು ಸಲ ಕಾಂಗ್ರೆಸ್ಸಿಗೆ ಆರಿಸಿ ಹೋದವ, ಎಲ್ಲವನ್ನೂ ಅಳುಕಿಲ್ಲದೆ ಹೇಳಿದಳು. ಕೊನೆಗೆ, "ಆ ಹೆಂಗಸಿಗೆ ನಾನು ಕಾಗದ ಓದಿ ಹೇಳಲಿಲ್ಲ" ಎಂದೂ ನನ್ನ ಕೋಟಿನೊಳಗೆ ನಿಂತೇ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಿನ್ನ ಮಗ ತರುಣನಿಗೂ ಸೊಸೆಗೂ ನನ್ನ ಆಶೀರ್ವಾದ. ನೀನು ಗಟ್ಟಿಯಾಗಿರು.

ನಿನ್ನ ಅಣ್ಣ,
ಸೋಮಲಿಂಗಪ್ಪ

ತಾ.ಕ.: ವಸುಧಾ ಅಂಚೆಗೆ ಹೊರಟು ನಿಂತಿದ್ದಾಳೆ. ಅಪ್ಪ ತೀರಿದ ವರ್ಷ ಪಂಚಮಿಗೆ ತವರಿಗೆ ಬಂದಿದ್ದಾಗ, ಉಂಡಿ ಕಟ್ಟುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ನೀನೊಂದು ಕಾಗದಕ್ಕೆ ಸಹಿ ಮಾಡಿದೆ. "ಏನೈತಿ ಅಣ್ಣಾ ಇದರಾಗ?" ಎಂದು ನೀನು ಕೇಳಿದ್ದೆ. ಕಚೇರಿ ಕೆಲಸ ಎಂದು ನಾನು ಹೇಳಿದೆ. ಅದರಲ್ಲಿದ್ದದ್ದು, ಕೆರೆ ಕೆಳಗಿನ ಹೊಲದಲ್ಲಿ ನಿನ್ನ ಪಾಲನ್ನು ನನಗೆ ಬಿಟ್ಟುಕೊಟ್ಟಿದ್ದೀ ಎಂಬ ಮಾತು. ಆ ಪಾಲು ನಿನ್ನದು. ಹೊಸ ಕಾಗದ ಬರೆದಿಟ್ಟಿದ್ದೇನೆ. ಜೂನ್ ಹತ್ತಕ್ಕೆ ಊರಿಗೆ ಬರುತ್ತೇನೆ, ನೋಂದಣಿ ಕಚೇರಿಗೆ ಬಾ. ಈ ಸಲ ಮೊದಲು ಪೂರ್ತಿ ಓದಿ ಹೇಳುತ್ತೇನೆ. ಸಹಿ ಆಮೇಲೆ.